ಎರಡಾಣೆ ಪಿಗ್ಮಿ: ಬ್ಯಾಂಕನ್ನು ಮನೆ ಬಾಗಿಲಿಗೆ ತಂದವರ ಕಥೆ

ನಮ್ಮ ಊರುಗಳ ಪೇಟೆಬೀದಿಯಲ್ಲಿ ಸಂಜೆ ಐದಾರು ಗಂಟೆಯ ಹೊತ್ತಿಗೆ ನಿಂತು ನೋಡಿ. ಹೆಗಲಿಗೊಂದು ಬ್ಯಾಗು, ಕೈಯಲ್ಲೊಂದು ಪುಟ್ಟ ಮಷೀನು ಹಿಡಿದ ಒಬ್ಬರು ಅಂಗಡಿಯಿಂದ ಅಂಗಡಿಗೆ ಹೋಗುತ್ತಿರುತ್ತಾರೆ. ಕಿರಾಣಿ ಅಂಗಡಿ, ಕಟಿಂಗ್ ಶಾಪ್, ಟೈಲರ್, ಗ್ಯಾರೇಜು, ಹೂವಿನ ಬುಟ್ಟಿ ಇಟ್ಟುಕೊಂಡ ಅಜ್ಜಿ, ಯಾರನ್ನೂ ಬಿಡುವುದಿಲ್ಲ. "ಇವತ್ತು ಎಷ್ಟು ಬರೀಲಿ ಅಣ್ಣ?" "ಇವತ್ತು ಯಾಪಾರ ಇಲ್ಲ ಮಾರಾಯ, ಐವತ್ತು ಬರಿ." ಮಾತು ಅಷ್ಟೇ. ಮಷೀನಿನಿಂದ ಒಂದು ಚೀಟಿ ಬರುತ್ತದೆ, ಅವರು ಮುಂದಿನ ಅಂಗಡಿಗೆ ಹೋಗುತ್ತಾರೆ.

ಇವರನ್ನು ನಾವು 'ಪಿಗ್ಮಿಯವರು' ಅಂತೀವಿ. ಎಷ್ಟೋ ಊರುಗಳಲ್ಲಿ ಅವರ ಸ್ವಂತ ಹೆಸರು ಅರ್ಧ ಜನಕ್ಕೆ ಗೊತ್ತಿರುವುದಿಲ್ಲ. ಪಿಗ್ಮಿ ಅನ್ನುವುದು ಎಲ್ಲಿಂದ ಬಂದ ಮಾತು, ಈ ಪದ್ಧತಿ ಯಾರು ಶುರು ಮಾಡಿದರು ಎಂದು ಕೇಳಿದರೂ ಹೆಚ್ಚಿನವರ ಬಳಿ ಉತ್ತರ ಇಲ್ಲ.

ಉತ್ತರ ನಮ್ಮ ಕರ್ನಾಟಕದಲ್ಲೇ ಇದೆ. ಉಡುಪಿಯಲ್ಲಿ, ಸುಮಾರು ನೂರು ವರ್ಷದ ಹಿಂದೆ. ಬ್ಯಾಂಕಿನ ಸೇವೆ ಗಿರಾಕಿಯ ಬಾಗಿಲಿಗೆ ಬಂದ ಕಥೆ ಅದು. ಆ ಸೇವೆಯನ್ನು ಹೊತ್ತು ತಂದ ಮನುಷ್ಯ ಮಾತ್ರ ಬ್ಯಾಂಕಿನವನಾದನೇ ಇಲ್ಲವೇ ಎಂಬ ಜಗಳವೂ ಅದೇ ಕಥೆಯ ಭಾಗ. ಎರಡನ್ನೂ ಒಟ್ಟಿಗೆ ಹೇಳಬೇಕು ಅನ್ನಿಸಿತು.

ಬ್ಯಾಂಕುಗಳ ಸೀಮೆ

ಆಗ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಉಡುಪಿಯೂ ಅದರೊಳಗೇ ಇತ್ತು. ಈ ಒಂದು ಜಿಲ್ಲೆಯಲ್ಲಿ ಹುಟ್ಟಿದ ಬ್ಯಾಂಕುಗಳ ಪಟ್ಟಿ ನೋಡಿದರೆ ಆಶ್ಚರ್ಯ ಆಗುತ್ತದೆ.

1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದಲ್ಲಿ ಶುರುವಾದದ್ದು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಅದೇ ವರ್ಷ ಮಂಗಳೂರಿನಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ ಕಟ್ಟಿದ ನಿಧಿ ಕೆನರಾ ಬ್ಯಾಂಕ್ ಆಯಿತು. 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕ್ ಬಂತು. 1931ರಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟರು ವಿಜಯಾ ಬ್ಯಾಂಕ್ ಶುರು ಮಾಡಿದರು.

ನಡುವೆ 1925ರಲ್ಲಿ ಉಡುಪಿಯಲ್ಲಿ ಇನ್ನೊಂದು ಹುಟ್ಟಿತು. ಅದರ ಹೆಸರು 'ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್'. ಕಟ್ಟಿದವರು ಮೂವರು: ವ್ಯಾಪಾರಿ ಉಪೇಂದ್ರ ಅನಂತ ಪೈ, ಅವರ ತಮ್ಮ ಡಾಕ್ಟರ್ ಟಿ.ಎಂ.ಎ. ಪೈ, ಎಂಜಿನಿಯರ್ ವಾಮನ ಕುಡ್ವ. ಕೈಯಲ್ಲಿದ್ದ ಬಂಡವಾಳ 8000 ರೂಪಾಯಿ. ಆ ಕಾಲದಲ್ಲಿ ಕೈಮಗ್ಗದ ಕಸುಬು ಕುಸಿದು ಸುತ್ತಲಿನ ನೇಕಾರರು ಕಂಗಾಲಾಗಿದ್ದರು. ಅವರಿಗೆ ಹಣದ ಆಸರೆ ಕೊಡಬೇಕು ಎಂಬುದು ಶುರುವಿನ ಉದ್ದೇಶ. ಇದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು.

ನೇಕಾರರಿಗೆ ಸಾಲ ಕೊಡಬೇಕಾದರೆ ಮೊದಲು ಬ್ಯಾಂಕಿನ ಹತ್ತಿರ ಹಣ ಇರಬೇಕು. ದೊಡ್ಡ ಹಣವಂತರು ಆಗಲೇ ಬೇರೆ ಕಡೆ ವ್ಯವಹಾರ ಇಟ್ಟುಕೊಂಡಿದ್ದರು. ಉಳಿದವರು ಮೀನು ಮಾರುವವರು, ಹೋಟೆಲಿನವರು, ಕೂಲಿಯವರು, ಮಗ್ಗದವರು. ಇವರ ಹತ್ತಿರ ಹಣವೇ ಇಲ್ಲ ಅಂತಲ್ಲ. ದಿನಕ್ಕೆ ನಾಲ್ಕು ಕಾಸು ಬರುತ್ತಿತ್ತು, ಬಂದ ಹಾಗೇ ಖರ್ಚಾಗುತ್ತಿತ್ತು. ಅಂಥವರು ಎರಡಾಣೆ ಹಿಡಿದುಕೊಂಡು ಬ್ಯಾಂಕಿನ ಮೆಟ್ಟಿಲು ಹತ್ತುತ್ತಾರೆಯೇ?

ಗಿರಾಕಿ ಬರದಿದ್ದರೆ ನಾವೇ ಹೋಗೋಣ

1928ರಲ್ಲಿ ಈ ಬ್ಯಾಂಕು ಒಂದು ಹೊಸ ಠೇವಣಿ ಶುರು ಮಾಡಿತು. ಬ್ಯಾಂಕಿನ ಪರವಾಗಿ ಒಬ್ಬ ಏಜೆಂಟರು ದಿನಾ ಮನೆಗೆ, ಅಂಗಡಿಗೆ ಬರುತ್ತಾರೆ. ಎರಡಾಣೆ ಕೊಟ್ಟರೂ ತೆಗೆದುಕೊಂಡು ಲೆಕ್ಕ ಬರೆದು ಹೋಗುತ್ತಾರೆ. ಚಿಕ್ಕದು ಎಂಬ ಅರ್ಥದಲ್ಲಿ ಅದಕ್ಕೆ 'ಪಿಗ್ಮಿ' ಎಂದು ಹೆಸರಿಟ್ಟರು. ಅದೇ ವರ್ಷ ಬ್ಯಾಂಕಿನ ಮೊದಲ ಶಾಖೆ ಬ್ರಹ್ಮಾವರದಲ್ಲಿ ತೆರೆಯಿತು.

ಎರಡಾಣೆ ಎಂದರೆ ಈಗಿನ ಮಕ್ಕಳಿಗೆ ಗೊತ್ತಾಗಲಿಕ್ಕಿಲ್ಲ. ಒಂದು ರೂಪಾಯಿಗೆ ಹದಿನಾರು ಆಣೆ. ಎರಡಾಣೆ ಅಂದರೆ ರೂಪಾಯಿಯಲ್ಲಿ ಎಂಟನೇ ಒಂದು ಭಾಗ. ಒಂದು ದಿನವೂ ತಪ್ಪಿಸದೆ ದಿನಕ್ಕೆ ಎರಡಾಣೆ ಕಟ್ಟಿದರೆ ತಿಂಗಳಿಗೆ 3 ರೂಪಾಯಿ 12 ಆಣೆ, ವರ್ಷಕ್ಕೆ 45 ರೂಪಾಯಿ 10 ಆಣೆ. ಬಡ್ಡಿ ಸೇರಿಸದೆ ಇಷ್ಟು. ಒಟ್ಟಿಗೆ ನಲವತ್ತೈದು ರೂಪಾಯಿ ಯಾವತ್ತೂ ಕೈಯಲ್ಲಿ ಹಿಡಿಯದಿದ್ದ ಮನೆಗೆ ಅದು ಸಣ್ಣ ದುಡ್ಡಲ್ಲ.

ಇದರಲ್ಲಿ ಜಾಣತನ ಎಲ್ಲಿದೆ ನೋಡಿ. ತಿಂಗಳ ಸಂಬಳದವರಿಗೆ ತಿಂಗಳಿಗೊಮ್ಮೆ ಕಟ್ಟುವುದು ಸುಲಭ. ದಿನದ ದುಡಿಮೆಯವರಿಗೆ ದುಡ್ಡು ಬರುವುದು ದಿನಾ, ಹೋಗುವುದೂ ದಿನಾ. ಅದು ಕೈಯಲ್ಲಿರುವ ಹೊತ್ತಿಗೇ ಯಾರಾದರೂ ಬಂದು ಕೇಳಿದರೆ ಮಾತ್ರ ಉಳಿಯುತ್ತದೆ. ರಾತ್ರಿ ಮನೆಗೆ ಹೋದ ಮೇಲೆ ಉಳಿಯುವುದಿಲ್ಲ. ಪಿಗ್ಮಿ ಕಟ್ಟುವ ಯಾವ ಅಂಗಡಿಯವರನ್ನು ಕೇಳಿದರೂ ಈ ಮಾತು ಹೇಳುತ್ತಾರೆ: "ಅವರು ಬಂದು ಕೇಳ್ತಾರಲ್ಲ, ಅದಕ್ಕೇ ಉಳಿತದೆ."

ಇನ್ನೊಂದು ಕಾರಣವೂ ಇದೆ. ಬ್ಯಾಂಕಿಗೆ ಹೋಗಬೇಕಾದರೆ ಅಂಗಡಿ ಬಾಗಿಲು ಹಾಕಬೇಕು. ಚಲನ್ ತುಂಬಬೇಕು, ಓದುಬರಹ ಬೇಕು, ಸಾಲಿನಲ್ಲಿ ನಿಲ್ಲಬೇಕು, ಕೌಂಟರಿನ ಒಳಗೆ ಕೂತವರ ಮುಖ ನೋಡಬೇಕು. ಪಿಗ್ಮಿಯವರು ಬಂದರೆ ಇದ್ಯಾವುದೂ ಇಲ್ಲ. ಬರುವವರು ನಮ್ಮ ಊರಿನವರೇ. ಅವರ ಅಪ್ಪ ಅಮ್ಮ ಯಾರು, ಮನೆ ಎಲ್ಲಿ ಎಂದು ಎಲ್ಲರಿಗೂ ಗೊತ್ತು. ಜನ ಬ್ಯಾಂಕನ್ನು ನಂಬುವ ಮುಂಚೆ ಅವರನ್ನು ನಂಬಿದರು.

ಇವತ್ತು ದೊಡ್ಡ ದೊಡ್ಡ ಕಂಪನಿಗಳು 'ಗ್ರಾಹಕ ಸೇವೆ' ಎಂದು ಭಾಷಣ ಮಾಡುತ್ತವೆ. ಗಿರಾಕಿಯ ದಿನ ಹೇಗೆ ನಡೆಯುತ್ತದೆ ಎಂದು ಮೊದಲು ನೋಡು, ಆಮೇಲೆ ನಿನ್ನ ವ್ಯಾಪಾರವನ್ನು ಅದಕ್ಕೆ ಹೊಂದಿಸು ಎಂಬ ಪಾಠ ಉಡುಪಿಯಲ್ಲಿ 1928ರಲ್ಲೇ ನಡೆದಿತ್ತು.

ಸಣ್ಣ ದುಡ್ಡು, ದೊಡ್ಡ ಬ್ಯಾಂಕು

ಪಿಗ್ಮಿ ನಿಧಾನವಾಗಿ ಘಟ್ಟ ಹತ್ತಿತು. ಸಿಂಡಿಕೇಟ್ ಬ್ಯಾಂಕ್ ಬೆಳೆದಂತೆ ಅದೂ ಬೆಳೆಯಿತು. ಬೇರೆ ಬ್ಯಾಂಕುಗಳು ಬೇರೆ ಬೇರೆ ಹೆಸರಿನಲ್ಲಿ ಇದೇ ಪದ್ಧತಿ ತಂದವು. ಆದರೆ ನಮ್ಮ ಜನರ ಬಾಯಲ್ಲಿ ಯಾವ ಬ್ಯಾಂಕಿನದ್ದಾದರೂ ಪಿಗ್ಮಿಯೇ.

1969ರ ಜುಲೈ 19ರಂದು ಇಂದಿರಾ ಗಾಂಧಿ ಸರ್ಕಾರ ದೇಶದ 14 ದೊಡ್ಡ ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿತು. 50 ಕೋಟಿ ರೂಪಾಯಿಗಿಂತ ಹೆಚ್ಚು ಠೇವಣಿ ಇದ್ದ ಬ್ಯಾಂಕುಗಳು ಇವು. ಮುಂಬೈ, ಕೋಲ್ಕತ್ತದ ದೊಡ್ಡ ದೊಡ್ಡ ಬ್ಯಾಂಕುಗಳ ಸಾಲಿನಲ್ಲಿ ಕೆನರಾ ಬ್ಯಾಂಕೂ ಇತ್ತು, ಸಿಂಡಿಕೇಟ್ ಬ್ಯಾಂಕೂ ಇತ್ತು. ಎಂಟು ಸಾವಿರ ರೂಪಾಯಿಯಿಂದ ಶುರುವಾದ ಬ್ಯಾಂಕು ನಲವತ್ತನಾಲ್ಕು ವರ್ಷದಲ್ಲಿ ಅಲ್ಲಿಗೆ ಮುಟ್ಟಿತ್ತು. ಅದು ಪಿಗ್ಮಿಯೊಂದರಿಂದಲೇ ಆಯಿತು ಅನ್ನುವಂತಿಲ್ಲ. ಆದರೆ ಸಣ್ಣವರ ದುಡ್ಡನ್ನು ಲೆಕ್ಕಕ್ಕೆ ತೆಗೆದುಕೊಂಡ ಬ್ಯಾಂಕು ಎಂಬ ಹೆಸರು ಅದಕ್ಕೆ ಬಂದದ್ದು ಪಿಗ್ಮಿಯಿಂದ. 1975ರ ಅಕ್ಟೋಬರ್ 2ರಂದು ದೇಶದ ಮೊದಲ ಗ್ರಾಮೀಣ ಬ್ಯಾಂಕು ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಶುರುವಾದಾಗ ಅದನ್ನು ಪ್ರಾಯೋಜಿಸಿದ್ದೂ ಸಿಂಡಿಕೇಟ್ ಬ್ಯಾಂಕೇ.

ಸೈಕಲ್ ತುಳಿದವರ ಲೆಕ್ಕ

ಇಲ್ಲಿಯವರೆಗೆ ಬ್ಯಾಂಕಿನ ಕಥೆ. ಇನ್ನು ಸೈಕಲ್ ತುಳಿದವರ ಕಥೆಗೆ ಬರೋಣ.

ಪಿಗ್ಮಿ ಏಜೆಂಟರಿಗೆ ಸಂಬಳ ಇರಲಿಲ್ಲ. ಎಷ್ಟು ಕಲೆಕ್ಷನ್ ತರುತ್ತಾರೋ ಅದರ ಮೇಲೆ ಕಮಿಷನ್. ಮಳೆ ಬಂದು ಸಂತೆ ನಡೆಯದಿದ್ದರೆ ಕಮಿಷನ್ ಇಲ್ಲ. ಜ್ವರ ಬಂದು ಮಲಗಿದರೆ ಇಲ್ಲ. ಊರಿನಲ್ಲಿ ಬರ ಬಿದ್ದು ಅಂಗಡಿಯವರು ಪಿಗ್ಮಿ ನಿಲ್ಲಿಸಿದರೆ ಅವರ ಮನೆಯ ಒಲೆಗೂ ಅದು ತಟ್ಟುತ್ತದೆ.

ಕೆಲಸ ಮಾತ್ರ ಪೂರಾ ಬ್ಯಾಂಕಿನದೇ. ಹಣ ತರಬೇಕು, ಕಾರ್ಡಿನಲ್ಲಿ ಬರೆಯಬೇಕು, ಲೆಕ್ಕದ ಪುಸ್ತಕ ಇಡಬೇಕು, ಮರುದಿನದೊಳಗೆ ಶಾಖೆಗೆ ಕಟ್ಟಬೇಕು. ಲೆಕ್ಕದಲ್ಲಿ ಕಡಿಮೆ ಬಿದ್ದರೆ ಕೈಯಿಂದ ಹಾಕಬೇಕು. ಕತ್ತಲಾದ ಮೇಲೆ ಜೇಬಿನಲ್ಲಿ ಬೇರೆಯವರ ದುಡ್ಡು ಇಟ್ಟುಕೊಂಡು ಮನೆಗೆ ಹೋಗುವ ಅಂಜಿಕೆಯೂ ಅವರದೇ.

ಕೌಂಟರಿನ ಒಳಗೆ ಕೂತು ಅದೇ ಹಣ ಎಣಿಸುವ ಗುಮಾಸ್ತರಿಗೆ ತಿಂಗಳ ಸಂಬಳ, ರಜೆ, ಪಿಎಫ್, ಬಡ್ತಿ ಎಲ್ಲ ಇತ್ತು. ಬಾಗಿಲಿನ ಹೊರಗೆ ಅದೇ ಹಣ ಕೂಡಿಸುವವರಿಗೆ ಇವು ಇರಲಿಲ್ಲ.

'ನಾವೂ ಬ್ಯಾಂಕಿನ ಕೆಲಸಗಾರರಲ್ಲವೇ?' ಎಂದು ಠೇವಣಿ ಸಂಗ್ರಾಹಕರು ಕೇಳಿದರು. ಬ್ಯಾಂಕುಗಳು ಇಲ್ಲ ಎಂದವು. 'ನೀವು ಏಜೆಂಟರು. ನಿಮ್ಮ ಸಮಯ ನಿಮ್ಮದು, ಬೇರೆ ಕೆಲಸವನ್ನೂ ಮಾಡಬಹುದು' ಎಂಬುದು ಅವುಗಳ ವಾದ. 1980ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಈ ವಿವಾದವನ್ನು ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿಗೆ ಒಪ್ಪಿಸಿತು.

ತೀರ್ಪು ಬಂದದ್ದು 1988ರ ಡಿಸೆಂಬರಿನಲ್ಲಿ. ಎಂಟು ವರ್ಷ ಕಾದ ಮೇಲೆ.

ನ್ಯಾಯಮಂಡಳಿ ಇವರು ಕಾರ್ಮಿಕರೇ ಎಂದು ಒಪ್ಪಿತು. ವಯಸ್ಸು, ಓದು ಸರಿಯಿದ್ದವರನ್ನು ಪರೀಕ್ಷೆ ಮಾಡಿ ಬ್ಯಾಂಕಿನ ಕೆಲಸಕ್ಕೆ ಸೇರಿಸಿಕೊಳ್ಳಲು ದಾರಿ ಹೇಳಿತು. ಉಳಿದವರಿಗೆ ಒಂದು ಕನಿಷ್ಠ ಆದಾಯ ಗೊತ್ತು ಮಾಡಿತು: ತಿಂಗಳಿಗೆ 7500 ರೂಪಾಯಿ ಕಲೆಕ್ಷನ್ ತಂದರೆ 750 ರೂಪಾಯಿ. ಅದರ ಮೇಲೆ ತಂದದ್ದಕ್ಕೆ ನೂರಕ್ಕೆ ಎರಡು. ಓಡಾಟದ ಖರ್ಚಿಗೆ ತಿಂಗಳಿಗೆ 50 ರೂಪಾಯಿ, ಹೆಚ್ಚು ತರುವವರಿಗೆ 100. ಕೆಲಸ ಬಿಡುವಾಗ ವರ್ಷಕ್ಕೆ ಹದಿನೈದು ದಿನದ ಕಮಿಷನ್ ಲೆಕ್ಕದಲ್ಲಿ ಗ್ರಾಚ್ಯುಟಿ.

ಇದನ್ನು ಕೆಲಸದ ಲೆಕ್ಕಕ್ಕೆ ತಂದು ನೋಡೋಣ. ಒಬ್ಬರು ತಿಂಗಳಿಗೆ 30,000 ರೂಪಾಯಿ ಕಲೆಕ್ಷನ್ ತರುತ್ತಾರೆ ಅನ್ನಿ. ಅಂದರೆ ದಿನಕ್ಕೆ ಸಾವಿರ. ಆಗಿನ ಕಾಲಕ್ಕೆ ತಲಾ ಹತ್ತು ರೂಪಾಯಿ ಹಿಡಿದರೂ ದಿನಾ ನೂರು ಬಾಗಿಲು ತಟ್ಟಬೇಕು. ಅಷ್ಟು ಮಾಡಿದರೆ 750, ಅದರ ಮೇಲಿನ 22,500ಕ್ಕೆ 450, ಓಡಾಟಕ್ಕೆ 100. ಒಟ್ಟು 1300 ರೂಪಾಯಿ. ಸೈಕಲ್ಲಿನ ಪಂಕ್ಚರು, ಮೊಪೆಡ್ಡಿನ ಪೆಟ್ರೋಲು, ಮಧ್ಯಾಹ್ನದ ಚಹಾ ಎಲ್ಲ ಇದರಲ್ಲೇ.

ಈ ಕನಿಷ್ಠವನ್ನೂ ಬ್ಯಾಂಕುಗಳು ಸುಮ್ಮನೆ ಒಪ್ಪಲಿಲ್ಲ. ವ್ಯಾಜ್ಯ ಹೈಕೋರ್ಟಿಗೆ ಹೋಯಿತು, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಕೊನೆಯ ತೀರ್ಪು ಬಂದದ್ದು 2001ರ ಫೆಬ್ರವರಿಯಲ್ಲಿ. ಪ್ರಶ್ನೆ ಕೇಳಿ ಇಪ್ಪತ್ತು ವರ್ಷ ದಾಟಿತ್ತು.

ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ಒಂದು, ಕಮಿಷನ್ ಅನ್ನುವುದು ಕೂಲಿಯೇ. ಎಷ್ಟು ಕೆಲಸವೋ ಅಷ್ಟು ಕೂಲಿ. ಆದ್ದರಿಂದ ಇವರು ಕಾನೂನಿನ ಪ್ರಕಾರ ಕಾರ್ಮಿಕರು. ಎರಡು, ಇವರು ಬ್ಯಾಂಕಿನ ಖಾಯಂ ನೌಕರರಲ್ಲ. ಇವರಿಗೆ ಗೊತ್ತಾದ ಕೆಲಸದ ಹೊತ್ತು ಇಲ್ಲ, ಬೇರೆ ಉದ್ಯೋಗಕ್ಕೆ ತಡೆ ಇಲ್ಲ, ನೇಮಕದ ಅರ್ಹತೆಯೂ ಬೇರೆ. ಹಾಗಾಗಿ ಖಾಯಂ ನೌಕರರ ಸಂಬಳ ಕೇಳುವಂತಿಲ್ಲ.

ಅರ್ಧ ಗೆದ್ದರು, ಅರ್ಧ ಸೋತರು. ಕಾರ್ಮಿಕರು ಎಂಬ ಮಾತು ಸಣ್ಣದಲ್ಲ. ಗ್ರಾಚ್ಯುಟಿ ಕೇಳುವ ಹಕ್ಕು, ಅನ್ಯಾಯವಾದರೆ ವಿವಾದ ಎತ್ತುವ ಹಕ್ಕು ಅದರಿಂದ ಬಂತು. ಆದರೆ 1980ರಲ್ಲಿ ಮೂವತ್ತು ವರ್ಷದವರಾಗಿದ್ದು 'ಇವತ್ತಲ್ಲ ನಾಳೆ ಖಾಯಂ ಆಗುತ್ತೇವೆ' ಎಂದು ಕಾದವರಿಗೆ ತೀರ್ಪು ಬರುವಾಗ ಐವತ್ತು ದಾಟಿತ್ತು.

ಖರ್ಚು ಯಾರು ಕೊಟ್ಟರು?

ಮನೆ ಬಾಗಿಲಿಗೆ ಸೇವೆ ಬಂದರೆ ಅದಕ್ಕೆ ಖರ್ಚು ಇದ್ದೇ ಇದೆ. ದಿನಾ ಒಬ್ಬರು ಬಂದು ಐದು ಹತ್ತು ರೂಪಾಯಿ ಒಯ್ಯುವುದು ದುಬಾರಿ ವ್ಯವಹಾರ. ಆ ಖರ್ಚನ್ನು ಯಾರು ಕೊಟ್ಟರು ಎಂದು ಕೇಳಬೇಕು.

ಒಂದು ಪಾಲು ನಾವೇ ಕೊಟ್ಟೆವು. ಪಿಗ್ಮಿಯ ಬಡ್ಡಿ ಸಾಮಾನ್ಯವಾಗಿ ಬೇರೆ ಠೇವಣಿಗಿಂತ ಕಡಿಮೆ ಇರುತ್ತದೆ. ಅವಧಿಗೆ ಮುಂಚೆ ಹಣ ತೆಗೆದರೆ ಬಡ್ಡಿ ಸಿಗದೆ, ಕಮಿಷನ್ನಿನ ಬಾಬ್ತು ನಮ್ಮ ದುಡ್ಡಿನಲ್ಲೇ ಹಿಡಿದುಕೊಳ್ಳುವ ಕಡೆಗಳೂ ಇವೆ. ಹಾಗಿದ್ದರೂ ಜನ ಕಟ್ಟಿದರು. ಬಡ್ಡಿಯ ಆಸೆಗಿಂತ ದುಡ್ಡು ಉಳಿಯುತ್ತದೆ ಎಂಬ ಧೈರ್ಯ ದೊಡ್ಡದಾಗಿತ್ತು. ಜೊತೆಗೆ ಪಿಗ್ಮಿ ಖಾತೆ ಸರಿಯಾಗಿ ನಡೆದರೆ ಅದರ ಮೇಲೆ ಸಾಲ ಸಿಗುತ್ತಿತ್ತು.

ಇನ್ನೊಂದು ಪಾಲನ್ನು ಏಜೆಂಟರು ಕೊಟ್ಟರು. ಸಿಗದ ಸಂಬಳ, ಇಲ್ಲದ ರಜೆ, ಬಾರದ ಪಿಂಚಣಿಯ ರೂಪದಲ್ಲಿ. ಇದು ಯಾವ ಬ್ಯಾಂಕಿನ ಲೆಕ್ಕದ ಪುಸ್ತಕದಲ್ಲೂ ಬರೆದಿಲ್ಲ. ಬಾಗಿಲಿಗೆ ಬಂದ ಸೇವೆ ಅಗ್ಗವಾಗಿ ಕಂಡದ್ದು ಇದರಿಂದ.

ಸೈಕಲ್ ಹೋಯಿತು, ಬೆರಳಚ್ಚು ಬಂತು

ಇದು ಮುಗಿದುಹೋದ ಹಳೇ ಕಥೆ ಅಲ್ಲ. 2006ರಲ್ಲಿ ರಿಸರ್ವ್ ಬ್ಯಾಂಕ್ ಹಳ್ಳಿಗಳಿಗೆ ಬ್ಯಾಂಕಿನ ಸೇವೆ ಮುಟ್ಟಿಸಲು ಹೊರಗಿನವರನ್ನು ಪ್ರತಿನಿಧಿಗಳನ್ನಾಗಿ ಇಟ್ಟುಕೊಳ್ಳಲು ಬ್ಯಾಂಕುಗಳಿಗೆ ಅನುಮತಿ ಕೊಟ್ಟಿತು. 2014ರಲ್ಲಿ ಜನಧನ್ ಯೋಜನೆ ಬಂದ ಮೇಲೆ ಅವರು ಊರೂರಿಗೆ ಬಂದರು. ನಾವು ಇವರನ್ನು 'ಬ್ಯಾಂಕ್ ಮಿತ್ರ' ಅಂತೀವಿ, ಕೆಲವು ಕಡೆ 'ಬಿಸಿ' ಅಂತೀವಿ. ವೃದ್ಧಾಪ್ಯ ವೇತನ, ಉದ್ಯೋಗ ಖಾತ್ರಿ ಕೂಲಿ, ಎಲ್ಲಕ್ಕೂ ಅಜ್ಜ ಅಜ್ಜಿಯರು ಇವರ ಮಷೀನಿನ ಮೇಲೆ ಹೆಬ್ಬೆಟ್ಟು ಒತ್ತಿ ಹಣ ತೆಗೆಯುತ್ತಾರೆ.

ಇವರಲ್ಲೂ ಬಹಳ ಜನರ ದುಡಿಮೆ ಕಮಿಷನ್ ಮೇಲೆ. ಎಷ್ಟೋ ಕಡೆ ಬ್ಯಾಂಕಿಗೂ ಇವರಿಗೂ ನಡುವೆ ಇನ್ನೊಂದು ಕಂಪನಿ ಇರುತ್ತದೆ. ಸರ್ವರ್ ಸಿಗದಿದ್ದರೆ ಬೈಗುಳ ತಿನ್ನುವವರು ಇವರು. ಬೆರಳು ಸವೆದು ಅಚ್ಚು ಹೊಂದದಿದ್ದರೆ ಅಜ್ಜಿಗೆ ಸಮಾಧಾನ ಹೇಳುವವರೂ ಇವರು. 1980ರಲ್ಲಿ ಪಿಗ್ಮಿಯವರು ಕೇಳಿದ ಪ್ರಶ್ನೆ ಇವರ ಮುಂದೆಯೂ ಇದೆ. ಈಗ ಯಾರನ್ನು ಕೇಳಬೇಕು ಎಂಬುದೇ ಕಷ್ಟ, ಬ್ಯಾಂಕನ್ನೋ ಕಂಪನಿಯನ್ನೋ?

ನಮ್ಮ ಊರಿನಿಂದ ಬೆಂಗಳೂರಿಗೆ ಹೋಗಿ ಬೈಕಿನಲ್ಲಿ ಊಟ, ಸಾಮಾನು ಮುಟ್ಟಿಸುವ ಹುಡುಗರಿಗೂ ಕಂಪನಿಗಳು ಹೇಳುವುದು ಅದೇ ಹಳೇ ಮಾತು: ನೀವು ನೌಕರರಲ್ಲ, ನಿಮ್ಮ ಸಮಯ ನಿಮ್ಮದು. ಇಂಥವರಿಗಾಗಿ ಕರ್ನಾಟಕ ಸರ್ಕಾರ 2025ರಲ್ಲಿ ಒಂದು ಕಾನೂನು ತಂದಿದೆ. ಪ್ರತಿ ವಹಿವಾಟಿನ ಮೇಲೆ ಕಂಪನಿಯಿಂದ ಶುಲ್ಕ ತೆಗೆದುಕೊಂಡು, ಕಲ್ಯಾಣ ಮಂಡಳಿಯ ಮೂಲಕ ಇವರಿಗೆ ಸಾಮಾಜಿಕ ಭದ್ರತೆ ಕೊಡಬೇಕು ಎಂಬುದು ಅದರ ಲೆಕ್ಕ. ಪಿಗ್ಮಿಯವರು ಇಪ್ಪತ್ತು ವರ್ಷ ಕೋರ್ಟಿನಲ್ಲಿ ಕಾದರು. ಈ ಹುಡುಗರಿಗೆ ಅಷ್ಟು ಕಾಯುವ ಗತಿ ಬರಬಾರದು.

ಪಿಗ್ಮಿ ಕಟ್ಟುವವರಿಗೆ ಎರಡು ಮಾತು

ಸಿಂಡಿಕೇಟ್ ಬ್ಯಾಂಕ್ ಈಗ ಇಲ್ಲ. 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನ ಆಯಿತು. ಪಿಗ್ಮಿ ಉಳಿದಿದೆ. ಹಲವು ಊರುಗಳಲ್ಲಿ ಈಗ ಪಿಗ್ಮಿ ಎತ್ತುವವರು ಸೌಹಾರ್ದ ಸಹಕಾರಿಗಳು, ಪತ್ತಿನ ಸಹಕಾರ ಸಂಘಗಳು. ಅದಕ್ಕೇ ಎರಡು ಮಾತು.

ಮೊದಲನೆಯದು, ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರರಿಗೆ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಇದೆ. ಆ ಪರವಾನಗಿ ಇಲ್ಲದ ಸಹಕಾರ ಸಂಘಗಳಿಗೆ ಈ ವಿಮೆ ಇಲ್ಲ. ಹಣ ಯಾರ ಹತ್ತಿರ ಇದೆ ಎಂದು ಕೇಳಿ ತಿಳಿದುಕೊಳ್ಳಿ. ಕೇಳಿದರೆ ಪಿಗ್ಮಿಯವರಿಗೆ ಅವಮಾನ ಅಲ್ಲ.

ಎರಡನೆಯದು, ದಿನಾ ಚೀಟಿ ಇಸಿದುಕೊಳ್ಳಿ ಅಥವಾ ಮೊಬೈಲಿಗೆ ಮೆಸೇಜ್ ಬಂತೇ ನೋಡಿ. ಎರಡು ಮೂರು ತಿಂಗಳಿಗೊಮ್ಮೆ ಶಾಖೆಗೆ ಹೋಗಿ ಬ್ಯಾಲೆನ್ಸ್ ಕೇಳಿ. ಪ್ರಾಮಾಣಿಕವಾಗಿ ಕೆಲಸ ಮಾಡುವ ಪಿಗ್ಮಿಯವರಿಗೆ ಇದರಿಂದ ಒಳ್ಳೆಯದೇ. ಯಾರೋ ಒಬ್ಬರು ಮಾಡಿದ ಮೋಸಕ್ಕೆ ಎಲ್ಲರ ಮೇಲೆ ಅನುಮಾನ ಬರುವುದು ತಪ್ಪುತ್ತದೆ.

ನಮ್ಮ ಊರುಗಳಲ್ಲಿ ಮಗಳ ಮದುವೆಗೆ, ಮಳೆಗಾಲದ ಬೀಜ ಗೊಬ್ಬರಕ್ಕೆ, ಅಂಗಡಿಗೊಂದು ಫ್ರಿಜ್ಜು ತರುವುದಕ್ಕೆ ಪಿಗ್ಮಿ ದುಡ್ಡು ಆಸರೆಯಾದ ಮನೆಗಳು ಎಷ್ಟೋ ಇವೆ. ಆ ದುಡ್ಡು ನಮ್ಮದೇ, ಅದನ್ನು ಹನಿ ಹನಿಯಾಗಿ ಕೂಡಿಸಿ ಕೊಟ್ಟವರು ಇನ್ನೊಬ್ಬರು. ಇವತ್ತು ಸಂಜೆ ಅವರು ಬಂದಾಗ ನಿಮಗೆ ಕಮಿಷನ್ ಎಷ್ಟು ಸಿಗುತ್ತದೆ, ಹುಷಾರಿಲ್ಲದ ದಿನ ಏನು ಮಾಡುತ್ತೀರಿ ಎಂದು ಒಂದು ಮಾತು ಕೇಳಿ. ಅವರು ವರ್ಷಗಳಿಂದ ನಮ್ಮ ಲೆಕ್ಕ ಬರೆಯುತ್ತಿದ್ದಾರೆ. ಅವರ ಲೆಕ್ಕವೂ ನಮಗೆ ಗೊತ್ತಿರಲಿ.